ಜಿಲ್ಲೆಯ ಕಾಲೇಜಿಗೂ ಒಂದು ನಿಜವಾದ ಪ್ರಶ್ನೆ ಕಳಿಸಿ: ಐಟಿ ಮತ್ತು ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಮಾಹಿತಿ ತಂತ್ರಜ್ಞಾನ ಸಚಿವರೇ, ಮಾನ್ಯ ಉನ್ನತ ಶಿಕ್ಷಣ ಸಚಿವರೇ,

ನಮಸ್ಕಾರ.

ನಾನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯಲ್ಲಿರುವ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಕಾಲೇಜು ಇರುವುದು ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ. ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯಲು ಕಾರಣವಿದೆ. ಕಂಪನಿಗಳ ವಿಷಯ ಬಂದರೆ ಒಂದು ಇಲಾಖೆ ನೋಡಿಕೊಳ್ಳುತ್ತದೆ, ಕಾಲೇಜುಗಳ ವಿಷಯ ಬಂದರೆ ಇನ್ನೊಂದು. ಕಂಪನಿಯೂ ಕಾಲೇಜೂ ಒಟ್ಟಿಗೆ ಕೂತು ಮಾಡಬೇಕಾದ ಸಂಶೋಧನೆಯ ವಿಷಯ ಬಂದರೆ ಫೈಲು ಯಾರ ಮೇಜಿಗೂ ಬರುವುದಿಲ್ಲ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ರಾಜ್ಯದ ಐಟಿ ಉದ್ಯಮ ವರ್ಷವರ್ಷವೂ ನಮ್ಮ ಕಾಲೇಜುಗಳಿಂದ ಹುಡುಗ ಹುಡುಗಿಯರನ್ನು ಕೆಲಸಕ್ಕೆ ಕರೆದುಕೊಂಡು ಹೋಗುತ್ತದೆ. ಅದು ನಮಗೆ ಸಂತೋಷವೇ. ಆದರೆ ತನ್ನ ಕಷ್ಟದ ಪ್ರಶ್ನೆಗಳನ್ನು, ಇನ್ನೂ ದಾರಿ ಕಾಣದ ಕೆಲಸಗಳನ್ನು ಅದು ನಮ್ಮ ಹತ್ತಿರ ತರುವುದಿಲ್ಲ. ಸರ್ಕಾರದ ಇಲಾಖೆಗಳೂ ತರುವುದಿಲ್ಲ. ತರುವಂತೆ ಮಾಡುವ ಶಕ್ತಿ ನಿಮ್ಮಿಬ್ಬರ ಕೈಯಲ್ಲಿದೆ. ಅದನ್ನು ಬಳಸಿ ಅಂತ ಕೇಳಲು ಈ ಪತ್ರ.

ನಮ್ಮಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಸಂಶೋಧನೆಯ ಮೊದಲ ಮೆಟ್ಟಿಲು ಅದೇ. ನಾಲ್ಕು ಜನರ ಒಂದು ತಂಡ, ಒಬ್ಬರು ಗೈಡ್. ವಿಷಯ ಆರಿಸಿಕೊಳ್ಳಲು ಕೆಲವೇ ವಾರ. ಬೆಂಗಳೂರಿನಲ್ಲಿ, ಈಗ ಜಿಲ್ಲಾ ಕೇಂದ್ರಗಳಲ್ಲೂ, ‘ಐಇಇಇ ಪ್ರಾಜೆಕ್ಟ್ ಸಿಗುತ್ತದೆ’ ಅಂತ ಬೋರ್ಡ್ ಹಾಕಿಕೊಂಡ ಅಂಗಡಿಗಳಿವೆ. ಒಳಗೆ ಹೋದರೆ ವಿಷಯಗಳ ಪಟ್ಟಿ ಕೊಡುತ್ತಾರೆ. ಮುಖ ನೋಡಿ ಹಾಜರಿ ಹಾಕುವುದು, ಸುಳ್ಳು ಸುದ್ದಿ ಪತ್ತೆ ಹಚ್ಚುವುದು, ಎಲೆ ನೋಡಿ ಬೆಳೆ ರೋಗ ಹೇಳುವುದು. ದುಡ್ಡು ಕೊಟ್ಟರೆ ಕೋಡ್, ರಿಪೋರ್ಟ್, ಪಿಪಿಟಿ ಎಲ್ಲ ಸಿದ್ಧ. ವೈವಾದಲ್ಲಿ ಏನು ಹೇಳಬೇಕು ಅನ್ನುವುದಕ್ಕೆ ಒಂದು ಕ್ಲಾಸ್ ಕೂಡ ಇರುತ್ತದೆ. ಎಲ್ಲ ತಂಡಗಳೂ ಹೀಗೆ ಮಾಡುವುದಿಲ್ಲ. ಆದರೆ ಬಹಳ ತಂಡಗಳು ಮಾಡುತ್ತವೆ, ಅದು ಎಲ್ಲರಿಗೂ ಗೊತ್ತು.

ಒಂದು ಸಲ ವೈವಾಕ್ಕೆ ಬೆಳೆ ರೋಗದ ಪ್ರಾಜೆಕ್ಟ್ ಬಂತು. ಕಂಪ್ಯೂಟರ್ ಶೇ 99ರಷ್ಟು ಸರಿ ಹೇಳುತ್ತದೆ ಅಂತ ಪರದೆಯ ಮೇಲೆ ತೋರಿಸಿದರು. ಅವರು ಬಳಸಿದ್ದು ‘ಪ್ಲಾಂಟ್ ವಿಲೇಜ್’ ಅನ್ನುವ, ಜಗತ್ತಿನ ತುಂಬ ಬಳಕೆಯಲ್ಲಿರುವ ಫೋಟೊ ಸಂಗ್ರಹ. ಅದರಲ್ಲಿ 14 ಬೆಳೆಗಳ 54,000ಕ್ಕೂ ಜಾಸ್ತಿ ಫೋಟೊಗಳಿವೆ. ಸೇಬು, ಬ್ಲೂಬೆರಿ, ಸ್ಟ್ರಾಬೆರಿ, ಟೊಮೆಟೊ, ಆಲೂಗಡ್ಡೆ, ದಪ್ಪ ಮೆಣಸಿನಕಾಯಿ ಇವೆ. ನಮ್ಮ ತೊಗರಿ ಇಲ್ಲ, ಜೋಳ ಇಲ್ಲ, ಅಡಿಕೆ ಇಲ್ಲ, ಬ್ಯಾಡಗಿ ಮೆಣಸಿನಕಾಯಿ ಇಲ್ಲ. ಎಲೆಗಳನ್ನು ಗಿಡದಿಂದ ಕಿತ್ತು, ಒಂದೇ ಬಣ್ಣದ ಹಾಳೆಯ ಮೇಲಿಟ್ಟು ತೆಗೆದ ಚಿತ್ರಗಳು ಅವು. ತಂಡದಲ್ಲಿದ್ದ ಒಬ್ಬ ಹುಡುಗನ ಮನೆಯಲ್ಲಿ ಮೆಣಸಿನಕಾಯಿಯನ್ನೇ ಬೆಳೆಯುತ್ತಾರೆ. ‘ನಿಮ್ಮ ಹೊಲದ ಎಲೆ ಹಾಕಿ ನೋಡಿದಿಯೇನಪ್ಪಾ?’ ಅಂತ ಕೇಳಿದೆ. ‘ನೋಡಿದ್ವಿ ಸರ್, ಹೊಲದ ಫೋಟೊ ಹಾಕಿದ್ರೆ ತಪ್ಪು ಹೇಳುತ್ತೆ ಸರ್’ ಅಂದ.

ಆ ಹುಡುಗ ಹೇಳಿದ್ದು ನೂರಕ್ಕೆ ನೂರು ಸತ್ಯ. 2016ರಲ್ಲಿ ಇದೇ ಸಂಗ್ರಹದ ಮೇಲೆ ಬಂದ ಹೆಸರಾಂತ ಸಂಶೋಧನಾ ಲೇಖನದಲ್ಲೂ ಅದೇ ಇದೆ. ಸಂಗ್ರಹದ ಒಳಗಿನ ಫೋಟೊಗಳಿಗೆ ಶೇ 99 ದಾಟಿದ ಉತ್ತರ, ಬೇರೆ ಕಡೆ ತೆಗೆದ ಫೋಟೊಗಳಿಗೆ ಶೇ 31ರ ಆಸುಪಾಸಿಗೆ ಇಳಿಯಿತು. ಯಾಕೆ ಇಳಿಯಿತು, ಬಿಸಿಲು ನೆರಳು ಮಣ್ಣಿನ ನಡುವೆ ಇರುವ ಎಲೆಯನ್ನು ಗುರುತಿಸಲು ಏನು ಮಾಡಬೇಕು ಅನ್ನುವುದೇ ನಿಜವಾದ ಸಂಶೋಧನೆಯ ಪ್ರಶ್ನೆ. ಅದು ನಮ್ಮ ಹುಡುಗನ ಬಾಯಿಂದಲೇ ಬಂದಿತ್ತು. ಆದರೆ ಅಷ್ಟು ಹೊತ್ತಿಗೆ ಸೆಮಿಸ್ಟರ್ ಮುಗಿದಿತ್ತು. ಅಂಕ ಕೊಟ್ಟೆವು. ಅವನು ಬೆಂಗಳೂರಿಗೆ ಹೋಗಿ ಒಂದು ಸೇವಾ ಕಂಪನಿ ಸೇರಿದ. ಅವನ ಪ್ರಶ್ನೆ ಅಲ್ಲಿಗೇ ನಿಂತಿತು.

ಇಂಥ ಪ್ರಶ್ನೆಗಳು ನಮ್ಮ ಪ್ರತಿ ಕಾಲೇಜಿನಲ್ಲೂ ಪ್ರತಿ ವರ್ಷ ಹುಟ್ಟುತ್ತವೆ. ಮುಂದಕ್ಕೆ ತೆಗೆದುಕೊಂಡು ಹೋಗುವವರು ಇಲ್ಲ ಅಷ್ಟೆ.

ಈಗ ದುಡ್ಡಿನ ಲೆಕ್ಕ ನೋಡಿ. ಐಟಿ ಕಂಪನಿಗಳ ಸಂಘ ನಾಸ್ಕಾಂ ಪ್ರಕಾರ 2024–25ರಲ್ಲಿ ಭಾರತದ ಐಟಿ ಉದ್ಯಮದ ಆದಾಯ ಸುಮಾರು 28,300 ಕೋಟಿ ಡಾಲರ್. ಕೆಲಸ ಮಾಡುವವರು 58 ಲಕ್ಷದಷ್ಟು. ಇದರಲ್ಲಿ ದೊಡ್ಡ ಪಾಲು ನಮ್ಮ ರಾಜ್ಯದ್ದು. ಇನ್ನೊಂದು ಕಡೆ, 2020–21ರಲ್ಲಿ ಇಡೀ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ ಶೇ 0.64. ಚೀನಾದ್ದು ಶೇ 2ಕ್ಕಿಂತ ಜಾಸ್ತಿ, ದಕ್ಷಿಣ ಕೊರಿಯಾದ್ದು ಶೇ 4 ದಾಟಿದೆ. ನಮ್ಮ ಆ ಪುಟ್ಟ ಮೊತ್ತದಲ್ಲೂ ಖಾಸಗಿ ಉದ್ಯಮದ ಪಾಲು ಶೇ 36ರಷ್ಟು, ಉನ್ನತ ಶಿಕ್ಷಣ ಸಂಸ್ಥೆಗಳದ್ದು ಶೇ 9ಕ್ಕೂ ಕಡಿಮೆ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ 2023ರಲ್ಲಿ ತನ್ನ ಆದಾಯದ ಶೇ 14ಕ್ಕಿಂತ ಜಾಸ್ತಿ ದುಡ್ಡನ್ನು ಸಂಶೋಧನೆ ಮತ್ತು ಅಭಿವೃದ್ಧಿಗೆ ಹಾಕಿತು. ಹುವಾವೆ ಶೇ 20 ದಾಟಿಸಿತು. ನಮ್ಮ ದೊಡ್ಡ ಸೇವಾ ಕಂಪನಿಗಳ ವಾರ್ಷಿಕ ವರದಿ ತೆಗೆದು ಅದೇ ಸಾಲು ಹುಡುಕಿ ನೋಡಿ. ಬಹಳ ಚಿಕ್ಕ ಅಂಕಿ ಸಿಗುತ್ತದೆ.

ಕಂಪನಿಗಳನ್ನು ಬೈಯುವುದು ನನ್ನ ಉದ್ದೇಶವಲ್ಲ. ಅವರ ವ್ಯಾಪಾರ ಇಷ್ಟು ದಿನ ನಡೆದದ್ದೇ ಹಾಗೆ. ಹೊರದೇಶದ ಗ್ರಾಹಕ ಕೆಲಸ ಹೇಳುತ್ತಾನೆ, ಇಷ್ಟು ಜನ ಇಷ್ಟು ಗಂಟೆ ಅಂತ ಬಿಲ್ ಆಗುತ್ತದೆ. ಬಿಲ್ ಆಗದ ಕೆಲಸಕ್ಕೆ ಅಲ್ಲಿ ಜಾಗ ಕಡಿಮೆ. ಸಂಶೋಧನೆಗೆ ಯಾರು ಬಿಲ್ ಕಟ್ಟುತ್ತಾರೆ? ಆದರೆ ಆ ಲೆಕ್ಕ ಈಗ ಬದಲಾಗುತ್ತಿದೆ. ಹೊಸಬರು ಕಲಿಯುತ್ತಾ ಮಾಡುತ್ತಿದ್ದ ಸಣ್ಣಪುಟ್ಟ ಕೋಡಿಂಗ್, ಟೆಸ್ಟಿಂಗ್ ಕೆಲಸವನ್ನು ಎಐ ಮಾಡತೊಡಗಿದೆ. 2025ರಲ್ಲಿ ದೇಶದ ಅತಿ ದೊಡ್ಡ ಐಟಿ ಕಂಪನಿಯೇ 12,000ಕ್ಕೂ ಜಾಸ್ತಿ ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿತು. ನನ್ನ ಮುಂದೆ ಕೂರುವ ಮಕ್ಕಳ ಅಪ್ಪ ಅಮ್ಮಂದಿರು ಈಗ ಫೋನ್ ಮಾಡಿ ಕೇಳುವುದು ಒಂದೇ ಮಾತು: ‘ಸರ್, ಕಂಪ್ಯೂಟರ್ ಸೈನ್ಸ್ ಓದಿದ್ರೆ ಇನ್ನು ಮುಂದೆ ಕೆಲಸ ಸಿಗುತ್ತಾ?’ ಸಾಲ ಮಾಡಿ ಫೀಸ್ ಕಟ್ಟಿದವರು ಕೇಳುವ ಮಾತು ಅದು. ಹೇಳಿದ್ದನ್ನು ಮಾಡುವ ಕೆಲಸಕ್ಕಷ್ಟೇ ನಾವು ಮಕ್ಕಳನ್ನು ತಯಾರು ಮಾಡಿದರೆ ಅವರಿಗೆ ಧೈರ್ಯದಿಂದ ಉತ್ತರ ಕೊಡಲು ಆಗುವುದಿಲ್ಲ.

‘ಕರ್ನಾಟಕದಲ್ಲಿ ಇದೆಲ್ಲ ಆಗುವ ಮಾತಲ್ಲ’ ಅಂತ ಯಾರಾದರೂ ನಿಮಗೆ ಹೇಳಿದರೆ ಬೆಂಗಳೂರಿನಲ್ಲೇ ಹುಟ್ಟಿದ ಅಂಗೈ ಕಂಪ್ಯೂಟರ್ ‘ಸಿಂಪ್ಯೂಟರ್’ ನೆನಪಿಸಿ.

1998ರ ಅಕ್ಟೋಬರ್. ನಮ್ಮ ರಾಜ್ಯ ಸರ್ಕಾರದ್ದೇ ಐಟಿ ಮೇಳ ‘ಬೆಂಗಳೂರು ಐಟಿ ಡಾಟ್ ಕಾಂ’ ನಡೆಯಿತು. ಈಗಿನ ಟೆಕ್ ಸಮ್ಮಿಟ್ ಬೆಳೆದು ಬಂದದ್ದು ಅದರಿಂದಲೇ. ಅಲ್ಲಿ ಅಭಿವೃದ್ಧಿಶೀಲ ದೇಶಗಳಿಗೆ ಎಂಥ ಐಟಿ ಬೇಕು ಅನ್ನುವ ಬಗ್ಗೆ ಒಂದು ವಿಚಾರ ಸಂಕಿರಣ ಇತ್ತು. ಬಡವರ ಕೈಗೂ ಎಟಕುವ ಕಂಪ್ಯೂಟರ್ ಮಾಡಬೇಕು ಅನ್ನುವ ಯೋಚನೆ ಹುಟ್ಟಿದ್ದು ಅಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್‌ಗಳ ಜೊತೆ ಸೇರಿ ಕೆಲಸಕ್ಕೆ ಇಳಿದರು. ವಿಶ್ವವಿದ್ಯಾಲಯದ ಮೇಷ್ಟ್ರುಗಳೂ ಕಂಪನಿಯವರೂ ಒಂದೇ ಮೇಜಿಗೆ ಬಂದರು. ಒಂದು ಟ್ರಸ್ಟ್ ಕಟ್ಟಿದರು. 2001ರಲ್ಲಿ ಮೊದಲ ಮಾದರಿ ಹೊರಗೆ ಬಂತು.

ಅಂಗೈಯಲ್ಲಿ ಹಿಡಿಯುವ ಯಂತ್ರ ಅದು. ಪರದೆ ಮುಟ್ಟಿದರೆ ಕೆಲಸ ಮಾಡುತ್ತಿತ್ತು. ಒಳಗೆ ಲಿನಕ್ಸ್. ಓದಲು ಬಾರದವರಿಗೆ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು, ಕನ್ನಡದಲ್ಲೂ ಹೇಳುತ್ತಿತ್ತು. ಒಬ್ಬೊಬ್ಬರು ಒಂದೊಂದು ಕೊಳ್ಳಲು ಆಗದ ಊರಿನಲ್ಲಿ ಹಲವರು ಒಂದನ್ನೇ ಹಂಚಿಕೊಂಡು ಬಳಸಲಿ ಅಂತ ಸ್ಮಾರ್ಟ್ ಕಾರ್ಡ್ ಹಾಕುವ ಜಾಗ ಇಟ್ಟಿದ್ದರು. ನಿಮ್ಮ ಕಾರ್ಡ್ ಹಾಕಿದರೆ ನಿಮ್ಮ ಮಾಹಿತಿ, ಪಕ್ಕದ ಮನೆಯವರ ಕಾರ್ಡ್ ಹಾಕಿದರೆ ಅವರದ್ದು. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಮಾದರಿ ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ ಬೆಲೆಯಿಂದ ಮಾರುಕಟ್ಟೆಗೆ ಬಂತು. ಅದರಲ್ಲಿ ಕೈ ಅಲುಗಿದ್ದನ್ನು ಗುರುತಿಸುವ ಸೆನ್ಸರ್ ಕೂಡ ಇತ್ತು. ಐಫೋನ್ ಬಂದದ್ದು 2007ರಲ್ಲಿ ಅನ್ನುವುದನ್ನು ಇಲ್ಲಿ ನೆನಪಿಡಬೇಕು.

ಆಮೇಲೆ ಏನಾಯಿತು? ಮಾರಾಟವಾದದ್ದು ಕೆಲವು ಸಾವಿರ ಮಾತ್ರ. ನಮ್ಮ ಸರ್ಕಾರ ಭೂ ದಾಖಲೆ ಕೆಲಸಕ್ಕೆ ಒಂದಿಷ್ಟು ಬಳಸಿ ನೋಡಿತು. ದೊಡ್ಡ ಆರ್ಡರ್ ಯಾರಿಂದಲೂ ಬರಲಿಲ್ಲ. ಆರ್ಡರ್ ಇಲ್ಲದೆ ಬೆಲೆ ಇಳಿಯಲಿಲ್ಲ, ಬೆಲೆ ಇಳಿಯದೆ ಆರ್ಡರ್ ಬರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗವಾಯಿತು, ಎಲ್ಲರ ಜೇಬಿಗೂ ಬಂತು. ಸಿಂಪ್ಯೂಟರ್ ಸೋತಿತು ಅಂತ ಬಹಳ ಜನ ಬರೆದರು. ನನ್ನ ಮಟ್ಟಿಗೆ ಸೋತದ್ದು ಆ ಯೋಚನೆಯಲ್ಲ. ಮೇಷ್ಟ್ರುಗಳು ತಮ್ಮ ಪಾಲಿನ ಕೆಲಸ ಮಾಡಿದ್ದರು, ಒಂದು ಚಿಕ್ಕ ಕಂಪನಿ ತನ್ನ ಪಾಲಿನದು ಮಾಡಿತ್ತು. ಮೊದಲ ಗಿರಾಕಿಯಾಗಿ ನಿಲ್ಲಬೇಕಿದ್ದವರು ನಿಲ್ಲಲಿಲ್ಲ. ಪ್ರತಿ ಗ್ರಾಮ ಪಂಚಾಯ್ತಿಗೂ ಒಂದು, ಪ್ರತಿ ಗ್ರಾಮ ಲೆಕ್ಕಿಗರಿಗೂ ಒಂದು ಅಂತ ಅಂದೇ ಕೊಂಡಿದ್ದರೆ ಏನಾಗುತ್ತಿತ್ತು ಅಂತ ನಾನು ಈಗಲೂ ಯೋಚಿಸುತ್ತೇನೆ. ಅಂಗೈ ಕಂಪ್ಯೂಟರ್ ಮಾಡುವುದು ಗೊತ್ತಿರುವ ನೂರಾರು ಎಂಜಿನಿಯರ್‌ಗಳು ಬೆಂಗಳೂರಿನಲ್ಲಿ ತಯಾರಾಗುತ್ತಿದ್ದರು. ಸ್ಮಾರ್ಟ್‌ಫೋನ್ ಕಾಲ ಬಂದಾಗ ನಾವು ಬರೀ ಕೊಳ್ಳುವವರಾಗಿ ಉಳಿಯುತ್ತಿರಲಿಲ್ಲ.

ಅದಕ್ಕೂ ಹಿಂದಿನದು ‘ಆಸ್ತ್ರ’. 1974ರಲ್ಲಿ ಅಮೂಲ್ಯ ರೆಡ್ಡಿಯವರು ಅದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ವಿಜ್ಞಾನ ಮಾಡಲು ಕಟ್ಟಿದ ಕೇಂದ್ರ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಕೆಲಸ ನಡೆಯಿತು. ಆಸ್ತ್ರ ಒಲೆ ಎಷ್ಟೋ ಅಡುಗೆಮನೆಗಳ ಹೊಗೆ ತಗ್ಗಿಸಿತು. ಊರಿನ ಕಷ್ಟ ಪ್ರಯೋಗಾಲಯಕ್ಕೆ ಹೋಗಿ ಉತ್ತರವಾಗಿ ಊರಿಗೆ ವಾಪಸ್ ಬಂದದ್ದು ನಮ್ಮದೇ ನೆಲದಲ್ಲಿ.

ಈಗ ಒಂದು ಸೂಕ್ಷ್ಮ ಮಾತು. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಮ್ಮ ಹಿರಿಯರು ಕರೆಯುತ್ತಿದ್ದ ಆ ಸಂಸ್ಥೆಯ ಬಗ್ಗೆ ನನಗೆ ತುಂಬ ಗೌರವ. ಮೈಸೂರು ಅರಸರು 370 ಎಕರೆಯಷ್ಟು ಜಾಗ ಕೊಟ್ಟರು, 1909ರಲ್ಲಿ ಅದು ಶುರುವಾಯಿತು, ದೇಶಕ್ಕೇ ಹೆಮ್ಮೆ ತಂದಿತು. ಇನ್ಫೊಸಿಸ್ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಟ್ರಸ್ಟ್ 2014ರಲ್ಲಿ ಮೆದುಳಿನ ಸಂಶೋಧನೆಗೆ ಅಲ್ಲಿಗೆ 225 ಕೋಟಿ ರೂಪಾಯಿ ಕೊಟ್ಟಿತು. 2022ರಲ್ಲಿ ಮೈಂಡ್‌ಟ್ರೀ ಕಟ್ಟಿದ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಅಲ್ಲಿನ ಆಸ್ಪತ್ರೆಗೆ 425 ಕೋಟಿ ಕೊಟ್ಟರು. ಐಟಿಯಲ್ಲಿ ಗಳಿಸಿದ ದುಡ್ಡು ವಿದ್ಯೆಗೆ ಬಂದದ್ದು ದೊಡ್ಡ ವಿಷಯ, ಅವರಿಗೆ ಕೈ ಮುಗಿಯುತ್ತೇನೆ. ಆದರೆ ಅಲ್ಲಿಂದ ಈಚೆಗೆ ಬಂದು ನೋಡಿ. ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಇದೆ. 1916ರ ಮೈಸೂರು ವಿಶ್ವವಿದ್ಯಾಲಯ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇದೆ. ವಿಟಿಯು ಅಡಿಯಲ್ಲಿ ಇನ್ನೂರರ ಆಸುಪಾಸು ಕಾಲೇಜುಗಳಿವೆ. ಐಟಿ ಕಂಪನಿಗಳಿಗೆ ಸಾವಿರಗಟ್ಟಲೆ ಕೆಲಸಗಾರರನ್ನು ಕೊಟ್ಟದ್ದು ಇವೇ. ಸಂಶೋಧನೆಯ ದುಡ್ಡು, ಸಂಶೋಧನೆಯ ಪ್ರಶ್ನೆ ಮಾತ್ರ ಇವುಗಳ ಬಾಗಿಲು ದಾಟಿ ಬರುವುದು ಬಲು ಅಪರೂಪ.

ನಮ್ಮಲ್ಲಿಗೆ ಬರುವುದು ಎಂಒಯು, ಅಂದರೆ ಒಟ್ಟಿಗೆ ಕೆಲಸ ಮಾಡುತ್ತೇವೆ ಅನ್ನುವ ಒಪ್ಪಂದದ ಕಾಗದ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಬ್ಬರು ಅಧಿಕಾರಿ ಬರುತ್ತಾರೆ, ಶಾಲು ಹೊದಿಸುತ್ತೇವೆ, ಫೋಟೊ ತೆಗೆಯುತ್ತೇವೆ, ‘ಸೆಂಟರ್ ಆಫ್ ಎಕ್ಸಲೆನ್ಸ್’ ಅಂತ ಒಂದು ಕೋಣೆಗೆ ಬೋರ್ಡ್ ಹಾಕುತ್ತೇವೆ. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲಿಗೆ ಒಂದು ಕಾಗದ ಸೇರುತ್ತದೆ. ಮುಂದಿನ ವರ್ಷ ಆ ಕೋಣೆಗೆ ಯಾರೂ ಬರುವುದಿಲ್ಲ. ಒಮ್ಮೆ ಮಾತ್ರ ಒಂದು ಕಂಪನಿ ನಿಜವಾಗಿಯೂ ಒಂದು ಚಿಕ್ಕ ಕೆಲಸ ಕೊಡಲು ಮುಂದೆ ಬಂತು. ಅವರ ಕರಾರು ಪತ್ರದಲ್ಲಿ ನಾವು ಏನು ಕಂಡುಹಿಡಿದರೂ ಪೂರ್ತಿ ಅವರದ್ದು, ಲೇಖನ ಬರೆಯಲೂ ಅವರ ಅನುಮತಿ ಬೇಕು ಅಂತಿತ್ತು. ನಮ್ಮ ಕಡೆ ಅದನ್ನು ಓದಿ ಮಾತಾಡಲು ಕಾನೂನು ಗೊತ್ತಿರುವವರು ಇರಲಿಲ್ಲ. ಆಡಳಿತ ಮಂಡಳಿಗೆ ಭಯ, ಕಂಪನಿಗೆ ಅವಸರ. ಅದು ಅಲ್ಲಿಗೇ ಬಿತ್ತು.

ಅಧ್ಯಾಪಕರ ಸ್ಥಿತಿಯನ್ನೂ ಹೇಳಬೇಕು. ವಾರಕ್ಕೆ ಥಿಯರಿ ಕ್ಲಾಸ್, ಲ್ಯಾಬ್, ಇಂಟರ್ನಲ್ಸ್ ಪೇಪರ್, ಮೆಂಟರಿಂಗ್ ರಿಜಿಸ್ಟರ್, ಅಡ್ಮಿಷನ್ ಸಮಯದಲ್ಲಿ ಊರೂರು ಸುತ್ತುವ ಕ್ಯಾಂಪೇನ್. ಇದರ ನಡುವೆ ಸಂಶೋಧನೆ ಮಾಡಿ ಅಂದರೆ ಯಾವಾಗ ಮಾಡುವುದು? ನಮ್ಮಲ್ಲಿ ಪಿಎಚ್‌ಡಿ ಮಾಡುವವರಲ್ಲಿ ಬಹಳ ಜನ ಕೆಲಸದಲ್ಲಿ ಇದ್ದುಕೊಂಡೇ ರಾತ್ರಿ ಓದುವ ಅಧ್ಯಾಪಕರು. ಬಡ್ತಿಗೆ ಬೇಕಾದದ್ದು ಪೇಪರ್‌ಗಳ ಲೆಕ್ಕ. ಲೆಕ್ಕ ಕೇಳಿದರೆ ಲೆಕ್ಕ ತುಂಬಿಸುತ್ತಾರೆ, ದುಡ್ಡು ಕೊಟ್ಟರೆ ಅಚ್ಚು ಹಾಕುವ ಪತ್ರಿಕೆಗಳೂ ಇವೆ. ಹೊಲದಲ್ಲಿ ಕೆಲಸ ಮಾಡುವ ಒಂದು ಸಾಫ್ಟ್‌ವೇರ್ ಬರೆದವನಿಗೆ ಆ ಲೆಕ್ಕದಲ್ಲಿ ಸಿಗುವುದು ಬಹಳ ಕಡಿಮೆ. ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಖಾಲಿ ಹುದ್ದೆ ತುಂಬದೆ ಅತಿಥಿ ಉಪನ್ಯಾಸಕರ ಮೇಲೆ ಪಾಠ ನಡೆಯುತ್ತಿದೆ. ಮುಂದಿನ ಸೆಮಿಸ್ಟರ್‌ಗೆ ಕೆಲಸ ಇರುತ್ತದೋ ಇಲ್ಲವೋ ಅಂತ ಗೊತ್ತಿಲ್ಲದವರು ಮೂರು ವರ್ಷದ ಸಂಶೋಧನೆಗೆ ಕೈ ಹಾಕುವುದಾದರೂ ಹೇಗೆ?

ನೆರೆಯಲ್ಲಿ ಏನಾಗಿದೆ ನೋಡೋಣ. ಶ್ರೀಲಂಕಾ ನಮಗಿಂತ ಎಷ್ಟು ಚಿಕ್ಕ ದೇಶ ಅಲ್ವಾ? ಅಲ್ಲಿ 2003ರಲ್ಲಿ ಲಂಕಾ ಸಾಫ್ಟ್‌ವೇರ್ ಫೌಂಡೇಶನ್ ಶುರುವಾಯಿತು. ಉದ್ದೇಶ ಸರಳ: ನಮ್ಮ ಹುಡುಗರು ಜಗತ್ತು ಬಳಸುವ, ಕೋಡ್ ಎಲ್ಲರಿಗೂ ತೆರೆದಿರುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಬರೆಯಲಿ. ಮೊರಟುವಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಪಾಚೆ ಅನ್ನುವ ಅಂಥ ಯೋಜನೆಗಳಿಗೆ ಕೋಡ್ ಬರೆದರು. 2004ರ ಸುನಾಮಿ ಬಂದಾಗ ಅಲ್ಲಿನ ಸ್ವಯಂಸೇವಕರು ಕಾಣೆಯಾದವರನ್ನು ಹುಡುಕಲು, ಪರಿಹಾರ ಹಂಚಲು ‘ಸಹನಾ’ ಅನ್ನುವ ತಂತ್ರಾಂಶ ಬರೆದರು. ಮುಂದಿನ ವರ್ಷ ಪಾಕಿಸ್ತಾನದ ಭೂಕಂಪದಲ್ಲೂ ಅದು ಬಳಕೆಗೆ ಬಂತು. ಇದೇ ಬಳಗದ ಸಂಜೀವ ವೀರವರಣ 2005ರಲ್ಲಿ ಡಬ್ಲ್ಯುಎಸ್‌ಒ2 ಕಂಪನಿ ಕಟ್ಟಿದರು. 2024ರಲ್ಲಿ ಅದನ್ನು ಸ್ವೀಡನ್ನಿನ ಹೂಡಿಕೆ ಸಂಸ್ಥೆಯೊಂದು 60 ಕೋಟಿ ಡಾಲರ್‌ಗೂ ಜಾಸ್ತಿ ಬೆಲೆ ಕಟ್ಟಿ ಕೊಂಡಿತು. ಯುದ್ಧ, ಸುನಾಮಿ, ಆರ್ಥಿಕ ಕುಸಿತ ಎಲ್ಲ ಕಂಡ ದೇಶದಲ್ಲಿ ಇಷ್ಟು ಆಯಿತು.

ಪಕ್ಕದ ಚೆನ್ನೈಗೆ ಬನ್ನಿ. ಮದ್ರಾಸ್ ಐಐಟಿಯ ರಿಸರ್ಚ್ ಪಾರ್ಕ್ 2010ರಿಂದ ಇದೆ. ಅಲ್ಲಿ ಕಂಪನಿಗೆ ಜಾಗ ಬೇಕಾದರೆ ಬಾಡಿಗೆ ಕಟ್ಟಿದರೆ ಸಾಲದು. ವಿದ್ಯಾರ್ಥಿಗಳನ್ನು ಕೆಲಸಕ್ಕೆ ಹಚ್ಚಬೇಕು, ಪ್ರಾಧ್ಯಾಪಕರ ಜೊತೆ ಸಂಶೋಧನೆ ಮಾಡಬೇಕು, ಅದಕ್ಕೆ ವರ್ಷಕ್ಕೆ ಇಷ್ಟು ಅಂತ ಕ್ರೆಡಿಟ್ ಗಳಿಸಬೇಕು. ಅದೇ ಐಐಟಿಯಲ್ಲಿ ‘ಶಕ್ತಿ’ ಪ್ರೊಸೆಸರ್ ಆಯಿತು, 2018ರಲ್ಲಿ ಅದರ ಚಿಪ್ ಅಚ್ಚಾಗಿ ಬಂತು. ಅಲ್ಲೇ ಎಐ4ಭಾರತ್ ತಂಡ ಕನ್ನಡವೂ ಸೇರಿ 22 ಭಾಷೆಗಳ ಅನುವಾದದ ಮಾದರಿಗಳನ್ನು ಮಾಡಿ ಎಲ್ಲರಿಗೂ ಉಚಿತವಾಗಿ ಬಿಟ್ಟಿತು. ಆ ತಂಡಕ್ಕೆ 2022ರಲ್ಲಿ 36 ಕೋಟಿ ಕೊಟ್ಟವರು ನಮ್ಮ ಬೆಂಗಳೂರಿನ ನಿಲೇಕಣಿ ದಂಪತಿಗಳು. ಬೆಂಗಳೂರಿನ ದುಡ್ಡು ಚೆನ್ನೈಗೆ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಕೆಲಸ ಮಾಡುವ ತಂಡ ಎಲ್ಲಿದೆಯೋ ದುಡ್ಡು ಅಲ್ಲಿಗೆ ಹೋಗುತ್ತದೆ. ಅಂಥ ತಂಡ ಬೆಳಗಾವಿಯಲ್ಲಿ, ಕಲಬುರಗಿಯಲ್ಲಿ, ಶಿವಮೊಗ್ಗದಲ್ಲಿ ಯಾಕೆ ಇಲ್ಲ ಅನ್ನುವುದೇ ನನ್ನ ಸಂಕಟ.

ಈಗ ನಾನು ಕೇಳುವುದು ಇಷ್ಟು.

2024ರ ನವೆಂಬರ್‌ನಲ್ಲಿ ನಮ್ಮ ರಾಜ್ಯ ಜಿಸಿಸಿ (ಗ್ಲೋಬಲ್ ಕೇಪಬಿಲಿಟಿ ಸೆಂಟರ್) ನೀತಿ ತಂದಿತು. ಹೊರದೇಶದ ಕಂಪನಿಗಳು ತಮ್ಮದೇ ತಂತ್ರಜ್ಞಾನದ ಕೆಲಸಕ್ಕೆ ಇಲ್ಲಿ ತೆರೆಯುವ ಇಂಥ ಕೇಂದ್ರಗಳನ್ನು 2029ರೊಳಗೆ ಇನ್ನೂ 500 ತರಬೇಕು, ಮೂರೂವರೆ ಲಕ್ಷ ಕೆಲಸ ಸೃಷ್ಟಿಸಬೇಕು ಅನ್ನುವ ಗುರಿ ಇದೆ. ಒಳ್ಳೆಯದು. ಈ ಕೇಂದ್ರಗಳಲ್ಲಿ ನಿಜವಾದ ವಿನ್ಯಾಸದ ಕೆಲಸ, ಚಿಪ್ ಕೆಲಸ, ಎಐ ಕೆಲಸ ನಡೆಯುತ್ತಿದೆ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿನಿಂದ ಇದು ಬೆಳೆಯುತ್ತಾ ಬಂದಿದೆ. ಇವುಗಳಿಗೆ ಕೊಡುವ ರಿಯಾಯಿತಿಗೆ ಮದ್ರಾಸಿನ ರಿಸರ್ಚ್ ಪಾರ್ಕ್ ರೀತಿಯ ಕ್ರೆಡಿಟ್ ಷರತ್ತು ಹಾಕಿ. ಕ್ರೆಡಿಟ್ ಗಳಿಸಬೇಕಾದದ್ದು ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಜೊತೆ. ಅದರಲ್ಲಿ ಅರ್ಧದಷ್ಟಾದರೂ ಬೆಂಗಳೂರಿನ ಹೊರಗೆ ಆಗಬೇಕು. ವರ್ಷಕ್ಕೆ ಎರಡು ಪ್ರಶ್ನೆ, ಇಬ್ಬರು ಎಂಜಿನಿಯರ್‌ಗಳ ತಿಂಗಳಿಗೆ ಒಂದು ದಿನ, ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಸ್ಟೈಪೆಂಡ್. ಒಂದು ಕಂಪನಿಗೆ ಇದು ಭಾರವಲ್ಲ. 500 ಕಂಪನಿಗಳು ಮಾಡಿದರೆ ರಾಜ್ಯದ ಚಿತ್ರವೇ ಬದಲಾಗುತ್ತದೆ. ಕಂಪನಿಗಳು ಸಾಮಾಜಿಕ ಹೊಣೆಗಾಗಿ ತೆಗೆದಿಡುವ ಸಿಎಸ್‌ಆರ್ ದುಡ್ಡನ್ನು ಸರ್ಕಾರಿ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಕೊಡಲು 2019ರಿಂದಲೇ ಕಾನೂನಿನಲ್ಲಿ ಅವಕಾಶ ಇದೆ. ನಮ್ಮ ಎಷ್ಟು ವಿಶ್ವವಿದ್ಯಾಲಯಗಳು ಅದಕ್ಕೆ ಅರ್ಜಿ ತಯಾರು ಮಾಡಿ ಇಟ್ಟಿವೆ ಅಂತ ಉನ್ನತ ಶಿಕ್ಷಣ ಸಚಿವರು ಒಮ್ಮೆ ವಿಚಾರಿಸಬೇಕು.

ಎರಡನೆಯದು ಕಂಪನಿಗಳಿಗಿಂತ ನಿಮಗೇ ಹತ್ತಿರದ್ದು. ಸರ್ಕಾರದ ಹತ್ತಿರ ಎಂಥ ಪ್ರಶ್ನೆಗಳಿವೆ ಗೊತ್ತಾ? ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಸುಮಾರು 6,500 ಮಳೆ ಮಾಪಕಗಳನ್ನು ಇಟ್ಟಿದೆ. ಒಂದು ಮಾಪಕ ಸೊನ್ನೆ ತೋರಿಸಿದರೆ ಅಲ್ಲಿ ಮಳೆ ಬರಲಿಲ್ಲವೋ, ಕಸ ಸಿಕ್ಕಿಕೊಂಡಿದೆಯೋ, ಬ್ಯಾಟರಿ ಹೋಗಿದೆಯೋ ಅಂತ ಪಕ್ಕದ ಮಾಪಕಗಳನ್ನು ನೋಡಿ ಕಂಪ್ಯೂಟರ್ ಹೇಳಬಲ್ಲದೇ? ಬೆಳೆ ವಿಮೆಯ ದುಡ್ಡು ಮಳೆ ಲೆಕ್ಕದ ಮೇಲೆ ನಿಂತಾಗ ಈ ಉತ್ತರಕ್ಕೆ ರೈತರ ಮನೆಯಲ್ಲಿ ಬೆಲೆ ಇದೆ. ಎಪಿಎಂಸಿ ನೋಡಿ. ಆನ್‌ಲೈನ್ ವ್ಯಾಪಾರವನ್ನು 2014ರಲ್ಲೇ ಶುರು ಮಾಡಿ ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ–ನಾಮ್‌ಗೆ ದಾರಿ ತೋರಿಸಿದ ರಾಜ್ಯ ನಮ್ಮದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬಣ್ಣ, ತೇವ ನೋಡಿ ದರ್ಜೆ ಕಟ್ಟುವುದು ಇವತ್ತಿಗೂ ಅನುಭವಸ್ಥರ ಕಣ್ಣು ಮತ್ತು ಕೈ. ಅವರ ಜಾಣ್ಮೆಯನ್ನು ಕಲಿತು ರೈತನಿಗೂ ಹೇಳುವ ಸಾಧನ ಯಾಕೆ ಮಾಡಬಾರದು?

ಇನ್ನು ಕಂದಾಯ ಇಲಾಖೆಯ ಹಳೇ ದಾಖಲೆಗಳು. ‘ಭೂಮಿ’ ಯೋಜನೆ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು, ದೇಶಕ್ಕೇ ಮಾದರಿಯಾಯಿತು. ಆದರೆ ಅದಕ್ಕೂ ಹಿಂದಿನ ಕೈಬರಹದ ಕಾಗದಗಳು ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನಲ್ಲಿವೆ. ಸ್ಕ್ಯಾನ್ ಮಾಡಿದರೆ ಚಿತ್ರ ಸಿಗುತ್ತದೆ. ಒಳಗಿನ ಅಕ್ಷರ ಹುಡುಕಲು ಬರುವುದಿಲ್ಲ. ಹಳೇ ಕನ್ನಡ ಕೈಬರಹ ಒಂದು ಕಷ್ಟ. ನಮ್ಮ ಬೆಳಗಾವಿ, ಧಾರವಾಡ ಕಡೆಯ ಹಳೇ ಕಾಗದಗಳಲ್ಲಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಬೇರೆ. ಅದನ್ನು ಓದಬಲ್ಲವರು ಈಗ ಬೆರಳೆಣಿಕೆಯಷ್ಟು ಜನ, ಅವರಿಗೂ ವಯಸ್ಸಾಗಿದೆ. ಜಮೀನಿನ ತಕರಾರಿನಲ್ಲಿ ಸಿಕ್ಕಿದವರು ಒಂದು ಪುಟ ಓದಿಸಲು ಊರೂರು ಅಲೆಯುವುದನ್ನು ನಾನು ಕಂಡಿದ್ದೇನೆ. ಅಚ್ಚಿನ ಕನ್ನಡವನ್ನು ಓದುವ ‘ಲಿಪಿ ಜ್ಞಾನಿ’ಯನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ್ದಾರೆ. ಕೈಬರಹ ಮತ್ತು ಮೋಡಿಯ ಕೆಲಸವನ್ನು ನಮ್ಮ ಭಾಗದ ಕಾಲೇಜುಗಳಿಗೆ ಕೊಡಿ. ಓದಬಲ್ಲ ಹಿರಿಯರು ನಮ್ಮ ಊರುಗಳಲ್ಲೇ ಇದ್ದಾರೆ. ಅವರು ಇರುವಾಗಲೇ ಆಗಬೇಕಾದ ಕೆಲಸ ಇದು. ಹೊರದೇಶದ ಯಾವ ಕಂಪನಿಯೂ ಬಂದು ಇದನ್ನು ನಮಗೆ ಮಾಡಿಕೊಡುವುದಿಲ್ಲ.

ಪ್ರತಿ ಇಲಾಖೆಯೂ ವರ್ಷಕ್ಕೆ ಇಂಥ ಹತ್ತು ಪ್ರಶ್ನೆ ಬರೆದು, ಹೆಸರು ವಿಳಾಸ ತೆಗೆದ ಡೇಟಾ ಜೊತೆ ಕಾಲೇಜುಗಳ ಮುಂದಿಡಲಿ. ಒಳ್ಳೆಯ ಉತ್ತರ ತಂದವರಿಂದ ಸರ್ಕಾರ ಕೊಳ್ಳಲಿ, ಒಂದು ಜಿಲ್ಲೆಗೆ, ಒಂದು ವರ್ಷಕ್ಕೆ. ಸಿಂಪ್ಯೂಟರ್‌ಗೆ ಸಿಗದೇ ಹೋದದ್ದು ಇದೇ ಮೊದಲ ಗಿರಾಕಿ. ಟೆಂಡರ್‌ನಲ್ಲಿ ಹಿಂದಿನ ವರ್ಷಗಳ ವಹಿವಾಟು, ಅನುಭವದ ಸರ್ಟಿಫಿಕೇಟ್ ಕೇಳುತ್ತಾ ಹೋದರೆ ವಿದ್ಯಾರ್ಥಿಗಳ ತಂಡ ಬಾಗಿಲಿಗೂ ಬರಲು ಆಗುವುದಿಲ್ಲ. ಇಂಥ ಚಿಕ್ಕ ಖರೀದಿಗೆ ಒಂದು ಪ್ರತ್ಯೇಕ ದಾರಿ ಮಾಡಿ.

ಅಧ್ಯಾಪಕರಿಗೆ ಬೇಕಾದದ್ದು ಸಮಯ. ನಿಜವಾದ ಪ್ರಶ್ನೆ ಹಿಡಿದವರಿಗೆ ಪಾಠದ ಹೊರೆ ಅರ್ಧ ಮಾಡಿ, ಬಡ್ತಿಯ ಲೆಕ್ಕದಲ್ಲಿ ಬಳಕೆಗೆ ಬಂದ ಕೆಲಸಕ್ಕೆ ಪೇಪರಿನಷ್ಟೇ ಬೆಲೆ ಕೊಡಿ. ಎರಡು ಪುಟದ ಒಂದು ಸರಳ ಕರಾರು ಪತ್ರವನ್ನು ಸರ್ಕಾರವೇ ಬರೆಸಿ ಎಲ್ಲ ಕಾಲೇಜುಗಳಿಗೆ ಕೊಡಲಿ: ಕಂಡುಹಿಡಿದದ್ದರಲ್ಲಿ ಕಂಪನಿಗೆ ಎಷ್ಟು, ಕಾಲೇಜಿಗೆ ಎಷ್ಟು, ವಿದ್ಯಾರ್ಥಿಗೆ ಎಷ್ಟು. ಸಂಶೋಧನೆಯ ಹಕ್ಕಿನ ಬಗ್ಗೆ ಕೇಂದ್ರ 2008ರಲ್ಲಿ ತಂದ ಮಸೂದೆ ಕಾನೂನಾಗದೆ 2014ರಲ್ಲಿ ವಾಪಸ್ ಹೋಯಿತು. ರಾಜ್ಯ ತನ್ನ ವಿಶ್ವವಿದ್ಯಾಲಯಗಳ ಮಟ್ಟಿಗೆ ಅದನ್ನು ಕಾಯಬೇಕಾಗಿಲ್ಲ.

ದುಡ್ಡು ಹಂಚುವ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕಾಗಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ನಮ್ಮ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತಾ ಬಂದಿದೆ. ಒಂದು ತಂಡಕ್ಕೆ ಸಿಗುವುದು ಕೆಲವು ಸಾವಿರ ರೂಪಾಯಿ. ಆದರೆ ಆ ಕೆಲವು ಸಾವಿರಕ್ಕೆ ಅರ್ಜಿ ಬರೆಯುವ ವಿದ್ಯಾರ್ಥಿಗಳ ಕಣ್ಣಿನ ಹೊಳಪು ಬೇರೆ. ಆಯ್ಕೆಯಾದ ತಂಡಗಳು ಅಂಗಡಿ ಪ್ರಾಜೆಕ್ಟ್ ಕಡೆ ತಿರುಗಿಯೂ ನೋಡುವುದಿಲ್ಲ. ಅದೇ ಯೋಜನೆಯನ್ನು ಹತ್ತು ಪಟ್ಟು ದೊಡ್ಡದು ಮಾಡಿ, ಎರಡನೇ ವರ್ಷಕ್ಕೂ ಮುಂದುವರಿಸುವ ಅವಕಾಶ ಕೊಡಿ. ಸೆಮಿಸ್ಟರ್ ಮುಗಿದ ಕೂಡಲೇ ಸಾಯುವ ಕೆಲಸಗಳು ಅಷ್ಟರಿಂದಲೇ ಎಷ್ಟೋ ಉಳಿಯುತ್ತವೆ.

ದೆಹಲಿಯಲ್ಲಿ ಈಗ ಸಂಶೋಧನೆಗೆ ದುಡ್ಡಿನ ಮಾತು ಜೋರಾಗಿದೆ. 2023ರಲ್ಲಿ ಅನುಸಂಧಾನ ಪ್ರತಿಷ್ಠಾನದ ಕಾಯ್ದೆ ಬಂತು. 2025ರಲ್ಲಿ ಖಾಸಗಿ ಕಂಪನಿಗಳ ಸಂಶೋಧನೆಗೆ ಒಂದು ಲಕ್ಷ ಕೋಟಿ ರೂಪಾಯಿಯ ನಿಧಿಗೆ ಕೇಂದ್ರ ಸಂಪುಟ ಒಪ್ಪಿತು. ಸಿದ್ಧವಾಗಿರುವವರಿಗೆ ಆ ದುಡ್ಡು ಸಿಗುತ್ತದೆ. ನಮ್ಮ ಕಾಲೇಜುಗಳು ಕಂಪನಿಗಳ ಜೊತೆ ಕೂತು ಕೆಲಸ ಮಾಡಿದ ಅನುಭವವೇ ಇಲ್ಲದೆ ಅರ್ಜಿ ಹಾಕಿದರೆ ಯಾರು ಕೊಡುತ್ತಾರೆ? ಈ ಎರಡು ಮೂರು ವರ್ಷ ಅದಕ್ಕೇ ಮುಖ್ಯ.

ಕೊನೆಗೆ ನಮ್ಮ ವಿಭಾಗದ ಕಡೆಯಿಂದ ಒಂದು ಮಾತು. ಹಳೇ ದಾಖಲೆ ಓದಿಸುವ ಕೆಲಸಕ್ಕೆ ನಾವು ಸಿದ್ಧರಿದ್ದೇವೆ. ಆಸಕ್ತಿ ಇರುವ ವಿದ್ಯಾರ್ಥಿಗಳಿದ್ದಾರೆ, ಮೋಡಿ ಬಲ್ಲ ಹಿರಿಯರೊಬ್ಬರು ಕಲಿಸಲು ಒಪ್ಪಿದ್ದಾರೆ. ನಮಗೆ ಬೇಕಾದದ್ದು ಕಂದಾಯ ಇಲಾಖೆಯ ಸ್ಕ್ಯಾನ್ ಮಾಡಿದ ಒಂದು ಸಾವಿರ ಪುಟ, ಅದನ್ನು ಬಳಸಲು ಒಂದು ಅನುಮತಿ ಪತ್ರ, ಕಷ್ಟ ಬಂದಾಗ ಕೇಳಲು ಉದ್ಯಮದ ಒಬ್ಬ ಅನುಭವಿ ಎಂಜಿನಿಯರ್. ನೀವಿಬ್ಬರೂ ಕಂದಾಯ ಸಚಿವರಿಗೆ ಒಂದು ಮಾತು ಹೇಳಿದರೆ ಆಗುವ ಕೆಲಸ ಇದು. ಏಳನೇ ಸೆಮಿಸ್ಟರ್ ಶುರುವಾಗುವ ಮೊದಲು ಪುಟಗಳು ಕೈಗೆ ಬಂದರೆ ಈ ವರ್ಷದ ತಂಡಗಳೇ ಹಿಡಿಯುತ್ತವೆ. ದಯವಿಟ್ಟು ಉತ್ತರ ಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಕಂಪ್ಯೂಟರ್ ಸೈನ್ಸ್ ವಿಭಾಗದ ಒಬ್ಬ ಅಧ್ಯಾಪಕ
ಉತ್ತರ ಕರ್ನಾಟಕ